ಹೌರಾ: ನಗರವಾದರೂ ಗ್ರಾಮ ಪಂಚಾಯಿತಿ ಬಿಡದ ಜಿಲ್ಲೆ – ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನಿಂದ ಹೌರಾಕ್ಕೆ ಹೋಗುವ ರೈಲು ಖರಗ್‌ಪುರ ಬಿಟ್ಟ ಮೇಲೆ ಕೋಲಾಘಾಟ್‌ನಲ್ಲಿ ರೂಪನಾರಾಯಣ ನದಿಯನ್ನು ದಾಟುತ್ತದೆ. ಸೇತುವೆಯ ಆಚೆ ದಡದಿಂದಲೇ ಹೌರಾ ಜಿಲ್ಲೆ ಶುರು. ದೇಉಲ್ಟಿ, ಬಾಗ್ನಾನ್ ಸುತ್ತ ಭತ್ತದ ಗದ್ದೆ, ಹೂವಿನ ತೋಟ, ವೀಳ್ಯದೆಲೆ ಬೆಳೆಯುವ ಚಪ್ಪರಗಳು. ದಾಮೋದರ ದಾಟಿ ಉಲುಬೇರಿಯಾ ಬಂತೆಂದರೆ ನೋಟ ಬದಲಾಗುತ್ತದೆ. ಚೆಂಗೈಲ್, ಬಾವುರಿಯಾಗಳ ಸೆಣಬಿನ ಗಿರಣಿಗಳು, ಸಾಂಕ್ರೈಲ್‌ನ ಗೋದಾಮುಗಳು, ಆಂದುಲ್, ಮೌರಿಗ್ರಾಮ್‌ಗಳ ಒತ್ತೊತ್ತಾದ ಮನೆಗಳು, ಮನೆಗಳ ನಡುವೆ ಕೊಳಗಳು. ಹಳ್ಳಿ ಎಲ್ಲಿ ಮುಗಿದು ನಗರ ಎಲ್ಲಿ ಶುರುವಾಯಿತು ಎಂದು ಕಿಟಕಿಯಿಂದ ನೋಡಿ ಹೇಳಲು ಬರುವುದಿಲ್ಲ. ಸರ್ಕಾರಿ ದಾಖಲೆ ತೆರೆದರೆ ಗೊಂದಲ ಇನ್ನೂ ಹೆಚ್ಚು: ಜನಗಣತಿ ಇಲಾಖೆಗೆ ಇವುಗಳಲ್ಲಿ ಹಲವು ಪಟ್ಟಣಗಳು, ಆಡಳಿತದ ಮಟ್ಟಿಗೆ ಅವೇ ಊರುಗಳು ಗ್ರಾಮ ಪಂಚಾಯಿತಿಯ ಹಳ್ಳಿಗಳು. ಈ ಎರಡು ಲೆಕ್ಕಗಳ ನಡುವಿನ ಬಿರುಕಿನಲ್ಲಿ ನೀರು, ಚರಂಡಿ, ಕಸ, ಕಟ್ಟಡ ಪರವಾನಗಿ ಎಲ್ಲವೂ ಹೇಗೆ ಕೆಡುತ್ತವೆ ಎಂಬುದೇ ಈ ಅಧ್ಯಯನದ ವಿಷಯ.

ಜಿಲ್ಲೆಯ ಚಿತ್ರ

ವಿಸ್ತೀರ್ಣ 1,467 ಚದರ ಕಿಲೋಮೀಟರ್. ಕರ್ನಾಟಕದ ದೊಡ್ಡ ತಾಲ್ಲೂಕುಗಳ ಮುಂದೆ ಇದೇನೂ ಹೆಚ್ಚಲ್ಲ. ಇಷ್ಟರಲ್ಲೇ 2011ರ ಜನಗಣತಿಯ ಪ್ರಕಾರ 48,50,029 ಜನ, ಅಂದರೆ ಚದರ ಕಿಲೋಮೀಟರಿಗೆ 3,306 ಮಂದಿ. ಪೂರ್ವಕ್ಕೆ ಹೂಗ್ಲಿ ನದಿ, ಆಚೆ ದಡದಲ್ಲಿ ಕೋಲ್ಕತ್ತ, ಪಶ್ಚಿಮಕ್ಕೆ ರೂಪನಾರಾಯಣ, ನಡುವೆ ಹಾದು ಹೂಗ್ಲಿಯನ್ನು ಸೇರುವ ದಾಮೋದರ. ಹೌರಾ ಸದರ್ ಮತ್ತು ಉಲುಬೇರಿಯಾ ಎಂಬ ಎರಡು ಉಪವಿಭಾಗಗಳು, ಹದಿನಾಲ್ಕು ಬ್ಲಾಕ್‌ಗಳು (ನಮ್ಮ ತಾಲ್ಲೂಕಿನಂಥ ಆಡಳಿತ ಘಟಕಗಳು).

ಕನ್ನಡಿಗರಿಗೆ ಜಿಲ್ಲೆಯ ಹೆಸರಿಗಿಂತ ಅದರೊಳಗಿನ ಜಾಗಗಳ ಹೆಸರೇ ಹೆಚ್ಚು ಪರಿಚಿತ. ಕುವೆಂಪು ಅವರು 1929ರಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದ ಬೇಲೂರು ಮಠ ಇರುವುದು ಈ ಜಿಲ್ಲೆಯ ಬಾಲಿ ಪ್ರದೇಶದಲ್ಲಿ. 1943ರಲ್ಲಿ ಸಂಚಾರಕ್ಕೆ ತೆರೆದ ಹೌರಾ ಸೇತುವೆ, 1787ರಲ್ಲಿ ಶುರುವಾದ ಶಿಬ್‌ಪುರದ ಸಸ್ಯೋದ್ಯಾನ ಮತ್ತು ಅಲ್ಲಿನ ಮಹಾ ಆಲದ ಮರ, 2013ರಿಂದ ರಾಜ್ಯ ಸಚಿವಾಲಯ ನಡೆಯುತ್ತಿರುವ ನಬಾನ್ನ ಕಟ್ಟಡ, 2024ರಲ್ಲಿ ಹೂಗ್ಲಿಯ ತಳದಡಿ ಓಡತೊಡಗಿದ ಮೆಟ್ರೋದ ಹೌರಾ ನಿಲ್ದಾಣಗಳು ಎಲ್ಲವೂ ನದಿಯಂಚಿನ ಕಿರಿದಾದ ಪಟ್ಟಿಯಲ್ಲಿವೆ. ಆ ಪಟ್ಟಿ ಮಹಾನಗರ ಪಾಲಿಕೆಯದು. ನಮ್ಮ ವಿಷಯ ಅದರ ಹಿಂದಿನ ನೆಲ: ಬಾಲಿ-ಜಗಾಛಾ, ಡೋಮ್‌ಜೂರ್, ಸಾಂಕ್ರೈಲ್, ಪಾಂಚಲಾ ಬ್ಲಾಕ್‌ಗಳು.

2001ರಲ್ಲಿ ಜಿಲ್ಲೆಯ ನಗರವಾಸಿಗಳ ಪ್ರಮಾಣ ಶೇ 50ರಷ್ಟಿತ್ತು. 2011ಕ್ಕೆ ಅದು ಶೇ 63.38ಕ್ಕೆ ಏರಿತು. ಈ ಹತ್ತು ವರ್ಷಗಳಲ್ಲಿ ಜಿಲ್ಲೆಯಲ್ಲಿ ಒಂದೇ ಒಂದು ಹೊಸ ಪುರಸಭೆಯೂ ಹುಟ್ಟಲಿಲ್ಲ. 2011ರಲ್ಲಿ ಕಾನೂನಿನ ಪ್ರಕಾರ ನಗರ ಎನಿಸಿಕೊಂಡವು ಮೂರೇ: ಹೌರಾ ಪಾಲಿಕೆ, ಬಾಲಿ ಪುರಸಭೆ, ಉಲುಬೇರಿಯಾ ಪುರಸಭೆ. ಮೂರೂ ಸೇರಿ ಸುಮಾರು 16 ಲಕ್ಷ ಜನ. ಜಿಲ್ಲೆಯ ಒಟ್ಟು ನಗರವಾಸಿಗಳು ಸುಮಾರು 30.7 ಲಕ್ಷ. ಉಳಿದ 14 ಲಕ್ಷಕ್ಕೂ ಹೆಚ್ಚು ಜನ ಇದ್ದದ್ದು 135 ‘ಜನಗಣತಿ ಪಟ್ಟಣ’ಗಳಲ್ಲಿ, 2001ರಲ್ಲಿ ಇಂಥ ಪಟ್ಟಣಗಳು ಐವತ್ತರ ಆಸುಪಾಸು ಇದ್ದವು. ಜಿಲ್ಲೆಯ ನಗರವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಗ್ರಾಮ ಪಂಚಾಯಿತಿಗೆ ಮತ ಹಾಕುವವರು.

ಜನಗಣತಿ ಪಟ್ಟಣ ಆಗುವುದು ಹೇಗೆ

ಮೂರು ಷರತ್ತುಗಳಿವೆ. ಜನಸಂಖ್ಯೆ ಕನಿಷ್ಠ 5,000 ಇರಬೇಕು. ಪುರುಷ ಮುಖ್ಯ ದುಡಿಮೆಗಾರರಲ್ಲಿ (ವರ್ಷದಲ್ಲಿ ಆರು ತಿಂಗಳಾದರೂ ದುಡಿಯುವವರಲ್ಲಿ) ಕನಿಷ್ಠ ಶೇ 75ರಷ್ಟು ಮಂದಿ ಕೃಷಿಯೇತರ ಕೆಲಸದಲ್ಲಿರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು. ಹೌರಾದಲ್ಲಿ ಮೂರನೆಯ ಷರತ್ತಿಗೆ ಅರ್ಥವೇ ಇಲ್ಲ, ಇಲ್ಲಿನ ಅಪ್ಪಟ ಕೃಷಿ ಹಳ್ಳಿಯೂ ಅದನ್ನು ಎಂದೋ ದಾಟಿದೆ. ಜನಸಂಖ್ಯೆಯೂ ದೊಡ್ಡ ತಡೆಯಾಗಿ ಉಳಿದಿಲ್ಲ. ಆದ್ದರಿಂದ ಒಂದು ಊರು ಪಟ್ಟಣವೋ ಹಳ್ಳಿಯೋ ಎಂಬುದನ್ನು ಇಲ್ಲಿ ತೀರ್ಮಾನಿಸುವುದು ಎರಡನೆಯ ಷರತ್ತು, ಅಂದರೆ ಗಂಡಸರು ಏನು ಕೆಲಸ ಮಾಡುತ್ತಾರೆ ಎಂಬ ಒಂದೇ ಪ್ರಶ್ನೆ.

ಆ ಕೆಲಸಗಳು ಬಹಳ ಹಿಂದೆಯೇ ಬದಲಾಗಿವೆ. ಬಾಂಕ್ರಾದಲ್ಲಿ ಸಿದ್ಧ ಉಡುಪು ಹೊಲಿಯುತ್ತಾರೆ. ‘ಓಸ್ತಾಗರ್’ ಎಂದು ಕರೆಯುವ ದರ್ಜಿ ಮೇಸ್ತ್ರಿ ಬಟ್ಟೆ ಕತ್ತರಿಸಿ ಮನೆಮನೆಗೆ ಹಂಚುತ್ತಾನೆ, ಹೊಲಿದು ಬಂದ ಮಾಲು ಹೌರಾ ಮೈದಾನದ ಬಳಿಯ ಮಂಗಳವಾರದ ಸಂತೆ ‘ಮಂಗಲಾ ಹಾಟ್’ಗೆ ಹೋಗುತ್ತದೆ. ಪಾಂಚಲಾದಲ್ಲಿ ಜರಿ ಕಸೂತಿ, ಡೋಮ್‌ಜೂರ್‌ನಲ್ಲಿ ಚಿನ್ನದ ಹಾಗೂ ಗಿಲೀಟು ಒಡವೆ, ಬಡಗಾಛಿಯಾದಲ್ಲಿ ಬೀಗ, ಉಲುಬೇರಿಯಾ ಸುತ್ತ ಬಾತುಕೋಳಿ ಗರಿಯ ಬ್ಯಾಡ್ಮಿಂಟನ್ ಶಟಲ್‌ಕಾಕ್. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರ್ಖಾನೆ ಬೇಕಿಲ್ಲ, ವರಾಂಡ ಸಾಕು. ಹೀಗಾಗಿ ಊರು ನಗರವಾದದ್ದು ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಷರತ್ತು ಗಂಡಸರನ್ನು ಮಾತ್ರ ಎಣಿಸುವುದರಿಂದ, ಜರಿ ಕಸೂತಿಯ ದೊಡ್ಡ ಪಾಲನ್ನು ಹೊತ್ತ ಹೆಂಗಸರ ದುಡಿಮೆ ಈ ವರ್ಗೀಕರಣದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇದು ದೊಡ್ಡ ಲೋಪ.

ಪಟ್ಟಿ ತಯಾರಾಗುವುದು ಎಣಿಕೆಗೆ ಮುಂಚೆ, ಹಿಂದಿನ ಜನಗಣತಿಯ ಅಂಕಿಗಳ ಮೇಲೆ. 2011ರ ಪಟ್ಟಿಗೆ 2001ರಲ್ಲಿ 4,000 ದಾಟಿದ್ದ ಹಳ್ಳಿಗಳನ್ನು ಪರಿಶೀಲಿಸಲಾಯಿತು. ಪಟ್ಟಿಗೆ ಸೇರಿದ ಊರಿಗೆ ಅದರಿಂದ ಹಣ, ಸಿಬ್ಬಂದಿ, ಅಧಿಕಾರ ಯಾವುದೂ ಬರುವುದಿಲ್ಲ. ಅದು ಅಂಕಿಅಂಶದ ಹೆಸರು ಮಾತ್ರ. ಪುರಸಭೆ ರಚಿಸುವುದು ರಾಜ್ಯ ಸರ್ಕಾರದ ಕೈಯಲ್ಲಿದೆ.

ಬಾಂಕ್ರಾ: ಹತ್ತಿರದ ನೋಟ

ಡೋಮ್‌ಜೂರ್ ಬ್ಲಾಕಿನ ಬಾಂಕ್ರಾದಲ್ಲಿ 2011ರಲ್ಲಿ ಸುಮಾರು 48 ಸಾವಿರ ಜನರಿದ್ದರು. ಕರ್ನಾಟಕದ ಪುರಸಭೆಗಳ ಕಾಯ್ದೆಯಲ್ಲಿ 20 ಸಾವಿರದಿಂದ 50 ಸಾವಿರದ ಊರಿಗೆ ಪುರಸಭೆ, ಅದಕ್ಕಿಂತ ಚಿಕ್ಕದಕ್ಕೆ ಪಟ್ಟಣ ಪಂಚಾಯಿತಿ ಎಂಬ ಮೆಟ್ಟಿಲುಗಳಿವೆ. ಆ ಅಳತೆಯಲ್ಲಿ ಬಾಂಕ್ರಾ ದೊಡ್ಡ ಪುರಸಭೆಯೇ ಆಗುತ್ತಿತ್ತು. ಅಲ್ಲಿ ಇರುವುದು ಬಾಂಕ್ರಾ 1, ಬಾಂಕ್ರಾ 2, ಬಾಂಕ್ರಾ 3 ಎಂಬ ಮೂರು ಗ್ರಾಮ ಪಂಚಾಯಿತಿಗಳು.

ಮೊದಲು ಕುಡಿಯುವ ನೀರಿನ ಲೆಕ್ಕ. ಜಲಜೀವನ ಮಿಷನ್ ಗ್ರಾಮೀಣ ಯೋಜನೆಯಲ್ಲಿ ತಲಾ ದಿನಕ್ಕೆ 55 ಲೀಟರ್ ಎಂದು ವಿನ್ಯಾಸ. ನಗರದ ಮಾನದಂಡ ಒಳಚರಂಡಿ ಇದ್ದಲ್ಲಿ 135 ಲೀಟರ್, ಇಲ್ಲದಿದ್ದರೆ 70. ಈ 48 ಸಾವಿರ ಜನರಿಗೆ 55ರ ಲೆಕ್ಕದಲ್ಲಿ ದಿನಕ್ಕೆ 26.4 ಲಕ್ಷ ಲೀಟರ್. 70ರ ಲೆಕ್ಕದಲ್ಲಿ 33.6 ಲಕ್ಷ; 135ರ ಲೆಕ್ಕದಲ್ಲಿ 64.8 ಲಕ್ಷ. ಕೊಳವೆಯ ವ್ಯಾಸ, ಮೇಲ್ತೊಟ್ಟಿಯ ಗಾತ್ರ, ಪಂಪಿನ ಶಕ್ತಿ ಮೂರೂ ಮೊದಲ ಅಂಕಿಯ ಮೇಲೆ ನಿಂತಿವೆ. ನೆಲಮಹಡಿಯ ಒಂದು ಮನೆಗೆಂದು ಕೊಟ್ಟ ಸಂಪರ್ಕದ ಮೇಲೆ ಮೂರು ಮಹಡಿ ಏಳುತ್ತದೆ, ಒಂದು ಕುಟುಂಬದ ಜಾಗದಲ್ಲಿ ನಾಲ್ಕು ಬರುತ್ತವೆ. ಒತ್ತಡ ಸಾಲದೆ ಜನ ಕೊಳವೆಗೇ ನೇರವಾಗಿ ಮೋಟಾರು ಹಾಕುತ್ತಾರೆ. ಒಬ್ಬರು ಎಳೆದರೆ ಮುಂದಿನವರಿಗೆ ನೀರಿಲ್ಲ. ಅದಕ್ಕಿಂತ ಅಪಾಯದ ಸಂಗತಿ, ಕೊಳವೆಯೊಳಗೆ ಒತ್ತಡ ಕುಸಿದಾಗ ಸಡಿಲವಾದ ಜೋಡಣೆಗಳ ಮೂಲಕ ಪಕ್ಕದ ಚರಂಡಿ ನೀರು ಒಳಕ್ಕೆ ಎಳೆದುಕೊಳ್ಳುವುದು. ಮಳೆಗಾಲದಲ್ಲಿ ಇಂಥ ಬೀದಿಗಳಲ್ಲಿ ವಾಂತಿಭೇದಿ ಕಂಡರೆ ಮೊದಲು ನೋಡಬೇಕಾದದ್ದು ಈ ಮೋಟಾರುಗಳನ್ನು.

ಅಂತರ್ಜಲ ನಂಬಿಕೊಂಡರಾಯಿತು ಎನ್ನುವಂತಿಲ್ಲ. ಗಂಗಾ ಮುಖಜ ಭೂಮಿಯ ಮೇಲ್ಪದರದ ನೀರಿನಲ್ಲಿ ಆರ್ಸೆನಿಕ್ ಇದೆ, ಬಾಲಿ-ಜಗಾಛಾ ಬ್ಲಾಕ್ ಸಹ ಬಾಧಿತ ಪಟ್ಟಿಯಲ್ಲಿದೆ. ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಆಳದ ಕೊಳವೆಬಾವಿ ಕೊರೆದಾಗ ಮೇಲಿನ ಪದರ ಮತ್ತು ಆಳದ ಪದರದ ನಡುವಿನ ಜೇಡಿಪದರವನ್ನು ತೂತು ಮಾಡಿರುತ್ತೇವೆ. ಕೊಳವೆಯ ಸುತ್ತಲಿನ ಸಂದನ್ನು ಆ ಮಟ್ಟದಲ್ಲಿ ಜೇಡಿ ಅಥವಾ ಸಿಮೆಂಟಿನಿಂದ ಮುಚ್ಚದಿದ್ದರೆ ಮೇಲಿನ ನೀರು ಅದೇ ಸಂದಿನಲ್ಲಿ ಕೆಳಗಿಳಿಯುತ್ತದೆ. ಖಾಸಗಿ ಕೊರೆತಗಳಲ್ಲಿ ತಪ್ಪಿಹೋಗುವ ಹಂತ ಇದೇ.

ಶೌಚದ ನೀರಿನದು ಇನ್ನೊಂದು ಕಥೆ. ಒಳಚರಂಡಿ ಇಲ್ಲದ ಕಾರಣ ಮನೆಗೊಂದು ಸೆಪ್ಟಿಕ್ ಟ್ಯಾಂಕ್. ಅದರಿಂದ ಹೊರಬರುವ ನೀರು ಇಂಗುಗುಂಡಿಗೆ ಹೋಗಬೇಕು. ಆದರೆ ಮಳೆಗಾಲದಲ್ಲಿ ನೀರಿನ ಮಟ್ಟ ನೆಲದ ಹತ್ತಿರಕ್ಕೇ ಬರುವ ಜೇಡಿಮಣ್ಣಿನಲ್ಲಿ ಇಂಗುಗುಂಡಿ ಕೆಲಸ ಮಾಡುವುದಿಲ್ಲ. ಎಲ್ಲರೂ ಟ್ಯಾಂಕಿನ ಹೊರಕೊಳವೆಯನ್ನು ರಸ್ತೆ ಚರಂಡಿಗೆ ಬಿಡುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸದಿದ್ದರೆ ಟ್ಯಾಂಕು ಹೆಸರಿಗಷ್ಟೇ ಟ್ಯಾಂಕು. ತೆಗೆಸಿದರೂ ಆ ಹೂಳನ್ನು ಶುದ್ಧೀಕರಿಸುವ ಘಟಕ ಹತ್ತಿರದಲ್ಲಿಲ್ಲದಿದ್ದರೆ ಅದು ಕಾಲುವೆಗೇ ಬೀಳುತ್ತದೆ.

ನೀರು ನದಿಗೆ ಬೆನ್ನು ಹಾಕಿ ಹರಿಯುವ ನೆಲ

ಹೌರಾದ ಚರಂಡಿ ಸಮಸ್ಯೆ ಅರ್ಥವಾಗಬೇಕಾದರೆ ಭೂಮಿಯ ಇಳಿಜಾರು ತಿಳಿಯಬೇಕು. ಶತಮಾನಗಳ ಪ್ರವಾಹದಲ್ಲಿ ಹೂಗ್ಲಿ ತನ್ನ ದಡದ ಉದ್ದಕ್ಕೂ ಹೂಳು ಪೇರಿಸಿ ಎತ್ತರದ ಏರಿ ಕಟ್ಟಿಕೊಂಡಿದೆ. ಹಳೆಯ ನಗರ ನಿಂತಿರುವುದು ಆ ಏರಿಯ ಮೇಲೆ. ಏರಿಯಿಂದ ಪಶ್ಚಿಮಕ್ಕೆ ಹೋದಂತೆ ನೆಲ ತಗ್ಗುತ್ತದೆ, ಅಲ್ಲೆಲ್ಲ ‘ಜಲಾ’ ಎಂಬ ಜೌಗು. ಆದ್ದರಿಂದ ನಗರದ ಮಳೆನೀರು ಪಕ್ಕದಲ್ಲೇ ಇರುವ ನದಿಗೆ ತಾನಾಗಿ ಇಳಿಯದೆ ಹಿಂದಕ್ಕೆ, ತಗ್ಗಿನ ಕಡೆಗೆ ಹರಿಯುತ್ತದೆ. ಬ್ರಿಟಿಷರು 19ನೇ ಶತಮಾನದ ಉತ್ತರಾರ್ಧದಲ್ಲಿ ಡಾಂಕುನಿ, ಹೌರಾ, ರಾಜಾಪುರ ಕಾಲುವೆಗಳನ್ನು ತೋಡಿದ್ದು ಈ ಜಲಾಗಳನ್ನು ಬಸಿದು ಗದ್ದೆ ಮಾಡಲು. ಕಾಲುವೆಯ ತುದಿಯಲ್ಲಿ ತೂಬಿನ ಬಾಗಿಲು. ಹೂಗ್ಲಿಯಲ್ಲಿ ದಿನಕ್ಕೆ ಎರಡು ಸಲ ಸಮುದ್ರದ ಭರತ ಏರುತ್ತದೆ. ಭರತದ ಹೊತ್ತು ಬಾಗಿಲು ಮುಚ್ಚಬೇಕು, ಇಳಿತ ಬಂದಾಗ ತೆರೆಯಬೇಕು. ಜೋರು ಮಳೆಯೂ ದೊಡ್ಡ ಭರತವೂ ಒಟ್ಟಿಗೆ ಬಂದರೆ ನೀರು ಒಳಗೇ ನಿಲ್ಲಲೇಬೇಕು.

ನಿಲ್ಲಲು ಜಾಗ ಬೇಕಲ್ಲ? ಗದ್ದೆ, ಕೊಳ, ರಸ್ತೆಬದಿಯ ‘ನಯನ್‌ಜುಲಿ’ ಎಂಬ ಹಳ್ಳ, ಈ ಮೂರೂ ಆ ಕೆಲಸ ಮಾಡುತ್ತಿದ್ದವು. ಲೆಕ್ಕ ಹಾಕಿ ನೋಡಿ: 100 ಹೆಕ್ಟೇರ್ ಗದ್ದೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 50,000 ಘನ ಮೀಟರ್ ನೀರು. ಬದು ಕಟ್ಟಿದ ಗದ್ದೆ ಅಷ್ಟನ್ನೂ ತನ್ನಲ್ಲೇ ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಜಾಗ ಮಣ್ಣು ತುಂಬಿ ಗೋದಾಮು, ಲಾರಿ ನಿಲ್ದಾಣ, ಕಾಂಕ್ರೀಟು ಅಂಗಳ ಆದಾಗ ಬಹುತೇಕ ನೀರು ಹೊರಬೀಳುತ್ತದೆ. ಸೆಕೆಂಡಿಗೆ ಒಂದು ಘನ ಮೀಟರ್ ಎತ್ತುವ ಪಂಪು ಅದನ್ನು ಹೊರಹಾಕಲು ಸುಮಾರು 14 ಗಂಟೆ ಎಡೆಬಿಡದೆ ಓಡಬೇಕು. ಮುಂಬೈ ಹೆದ್ದಾರಿ, ಕೋನಾ ಎಕ್ಸ್‌ಪ್ರೆಸ್‌ವೇ, ರೈಲು ದಿಬ್ಬಗಳು ಈ ತಗ್ಗಿಗೆ ಅಡ್ಡಲಾಗಿ ಬಿದ್ದಿವೆ. ನೀರು ದಾಟುವುದು ಅವುಗಳಡಿಯ ಮೋರಿಗಳಲ್ಲಿ ಮಾತ್ರ. ನಯನ್‌ಜುಲಿಯ ಮೇಲೆ ಅಂಗಡಿ ಎದ್ದಾಗ ಪ್ರವೇಶಕ್ಕೆಂದು ಒಂದು ಸಣ್ಣ ಸಿಮೆಂಟ್ ಕೊಳವೆ ಇಟ್ಟು ಮೇಲೆ ಮಣ್ಣು ಹಾಕುತ್ತಾರೆ. ಪ್ಲಾಸ್ಟಿಕ್ ಮತ್ತು ಬಟ್ಟೆ ಚೂರು ಸೇರಿ ಅದು ಕಟ್ಟಿಕೊಂಡರೆ ಹಿಂದಿನ ಇಡೀ ‘ಪಾಡಾ’ (ಕೇರಿ) ಮುಳುಗುತ್ತದೆ.

ಈಗ ಜವಾಬ್ದಾರಿಯ ಪ್ರಶ್ನೆ. ಮನೆ ಮುಂದಿನ ಚರಂಡಿ ಗ್ರಾಮ ಪಂಚಾಯಿತಿಯದು. ಹೆದ್ದಾರಿ ಬದಿಯ ಹಳ್ಳ ಹೆದ್ದಾರಿ ಪ್ರಾಧಿಕಾರದ್ದು, ರೈಲು ದಿಬ್ಬದಡಿಯ ಮೋರಿ ರೈಲ್ವೆಯದು, ದೊಡ್ಡ ಕಾಲುವೆ ಮತ್ತು ತೂಬು ನೀರಾವರಿ ಇಲಾಖೆಯದು, ಭೂಬಳಕೆ ನಕ್ಷೆ ಕೋಲ್ಕತ್ತ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ್ದು. ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವುದು ಗಾತ್ರ, ಎತ್ತರಕ್ಕೆ ತಕ್ಕಂತೆ ಗ್ರಾಮ ಪಂಚಾಯಿತಿಯಿಂದ ಬ್ಲಾಕ್ ಮಟ್ಟದ ಪಂಚಾಯತ್ ಸಮಿತಿಗೆ, ಜಿಲ್ಲಾ ಪರಿಷತ್ತಿಗೆ ಏರುತ್ತದೆ. ಒಪ್ಪಿಗೆ ಕೊಡುವ ಮೇಜಿನ ಮೇಲೆ ಕಾಲುವೆಯ ಮಟ್ಟದ ನಕ್ಷೆ ಇರುವುದಿಲ್ಲ, ತೂಬಿನ ಬಾಗಿಲು ತೆಗೆಯುವವನಿಗೆ ಮೇಲೆ ಎಷ್ಟು ಗದ್ದೆ ಮುಚ್ಚಿತು ಎಂಬ ಸುದ್ದಿ ತಲುಪುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಪಶ್ಚಿಮ ಬಂಗಾಳದ ಒಳನಾಡು ಮೀನುಗಾರಿಕೆ ಕಾಯ್ದೆ 5 ಕಾಠಾ, ಅಂದರೆ 0.035 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಕೊಳ ಮುಚ್ಚುವುದನ್ನು ನಿಷೇಧಿಸುತ್ತದೆ. ಗದ್ದೆಯನ್ನು ಮನೆ ನಿವೇಶನ ಮಾಡಬೇಕಾದರೆ ಭೂಸುಧಾರಣಾ ಕಾಯ್ದೆಯ 4ಸಿ ಕಲಂ ಅಡಿ ಬ್ಲಾಕ್ ಭೂಸುಧಾರಣಾ ಅಧಿಕಾರಿಗೆ ಅರ್ಜಿ ಹಾಕಿ, ದಾಖಲೆಯಲ್ಲಿ ‘ಶಾಲಿ’ ಎಂದಿರುವುದನ್ನು ‘ಬಾಸ್ತು’ ಎಂದು ಬದಲಾಯಿಸಿಕೊಳ್ಳಬೇಕು. ನಿವೇಶನ ಕೊಳ್ಳುವವರು ರಾಜ್ಯದ ‘ಬಾಂಗ್ಲಾರ್ ಭೂಮಿ’ ಜಾಲತಾಣದಲ್ಲಿ ದಾಗ್ ಸಂಖ್ಯೆ (ಜಮೀನಿನ ತುಂಡಿನ ಸಂಖ್ಯೆ) ಹಾಕಿ ಜಮೀನಿನ ವರ್ಗ ನೋಡಬಹುದು. ಅಲ್ಲಿ ‘ಪುಕುರ್’ ಅಥವಾ ‘ಡೋಬಾ’ ಎಂದಿದ್ದರೆ ನಿಮ್ಮ ಮುಂದೆ ಇರುವುದು ಮುಚ್ಚಿದ ಕೊಳ. ಕೊಳ ಕರಗುವುದು ಒಂದೇ ದಿನದಲ್ಲಿ ಅಲ್ಲ. ಮೊದಲು ಅಂಚಿಗೆ ಕಸ, ಆಮೇಲೆ ಒಡೆದ ಇಟ್ಟಿಗೆ, ನಡುವೆ ಅಂತರಗಂಗೆ ಬೆಳೆದು ನೀರು ಕಾಣದಾಗುವುದು, ಕೊನೆಗೆ ಒಂದು ರಾತ್ರಿ ಮಣ್ಣಿನ ಲಾರಿ. ದೂರು ಕೊಡಬೇಕಾದದ್ದು ಮೊದಲ ಹಂತದಲ್ಲಿ. ಲಾರಿ ಬಂದ ಮೇಲೆ ಕೊಟ್ಟ ದೂರಿನಿಂದ ಕೊಳ ಮರಳಿ ಬರುವುದು ಅಪರೂಪ.

ಕಸ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಒಂದು ಒಳ್ಳೆಯ ಕೆಲಸ ಮಾಡಿದವು: ಜನಗಣತಿ ಪಟ್ಟಣಗಳನ್ನು ಹೆಸರಿಸಿ ಒಳಗೆ ತಂದು, ಅಂಥ ಊರಿನ ಗ್ರಾಮ ಪಂಚಾಯಿತಿಗೂ ನಗರಸಭೆಯಷ್ಟೇ ಕರ್ತವ್ಯ ಹೊರಿಸಿದವು. ಕರ್ತವ್ಯ ಬಂತು, ಜಾಗ ಬರಲಿಲ್ಲ. ತಲಾ 350 ಗ್ರಾಂ ಎಂದು ಹಿಡಿದರೂ ಬಾಂಕ್ರಾದಂಥ ಊರಿಗೆ ದಿನಕ್ಕೆ 17 ಟನ್‌ನಷ್ಟು ಕಸ, ಅದರ ಮೇಲೆ ಹೊಲಿಗೆ ಮನೆಗಳ ಬಟ್ಟೆ ಚೂರು. ಈ ಚೂರುಗಳಲ್ಲಿ ಪಾಲಿಯೆಸ್ಟರ್ ಹೆಚ್ಚು, ಗೊಬ್ಬರವಾಗುವುದಿಲ್ಲ, ಸುಟ್ಟರೆ ವಿಷದ ಹೊಗೆ. ಮನೆಯ ಹಸಿ ಕಸದೊಂದಿಗೆ ಬೆರೆಯುವ ಮೊದಲೇ ಓಸ್ತಾಗರ್‌ನ ಕತ್ತರಿಕೆ ಮೇಜಿನಿಂದ ಬೇರೆ ಚೀಲದಲ್ಲಿ ಎತ್ತಿದರೆ ಮಾತ್ರ ಅದಕ್ಕೆ ಬೆಲೆ. ಒಂದು ಪಂಚಾಯಿತಿಗೆ ಘಟಕ ಕಟ್ಟಲು ಜಮೀನು ಸಿಗುವುದಿಲ್ಲ. ನಾಲ್ಕೈದು ಸೇರಿದರೆ ಯಾರ ಗಡಿಯಲ್ಲಿ ಎಂಬ ಜಗಳ.

ಪಾಲಿಕೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೂ ಹೇಳಲಾಗದು. ಹೌರಾ ಪಾಲಿಕೆಯ ಕಸ ದಶಕಗಳಿಂದ ಬೀಳುತ್ತಿದ್ದ ಬೆಲ್‌ಗಾಛಿಯಾ ಗುಡ್ಡೆಯ ಸುತ್ತ 2025ರ ಮಾರ್ಚ್‌ನಲ್ಲಿ ನೆಲ ಕುಸಿದು ಮನೆಗಳು ಬಿರುಕು ಬಿಟ್ಟವು, ನೀರಿನ ದೊಡ್ಡ ಕೊಳವೆ ಒಡೆದು ನಗರದ ಅನೇಕ ಭಾಗಗಳಿಗೆ ದಿನಗಟ್ಟಲೆ ನೀರು ಬರಲಿಲ್ಲ. ಆ ಹೊತ್ತಿಗೆ ಪಾಲಿಕೆಗೆ ಚುನಾಯಿತ ಮಂಡಳಿಯೇ ಇರಲಿಲ್ಲ. 2013ರಲ್ಲಿ ಆಯ್ಕೆಯಾದ ಮಂಡಳಿಯ ಅವಧಿ 2018ರ ಡಿಸೆಂಬರ್‌ನಲ್ಲಿ ಮುಗಿದಿತ್ತು. 2015ರಲ್ಲಿ ಬಾಲಿಯನ್ನು ಪಾಲಿಕೆಗೆ ಸೇರಿಸಿದರು, 2021ರಲ್ಲಿ ಮತ್ತೆ ಬೇರ್ಪಡಿಸುವ ಮಸೂದೆ ತಂದರು, ಅದು ರಾಜ್ಯಪಾಲರ ಬಳಿ ತಡೆಯಾಯಿತು, ಚುನಾವಣೆಯೂ ಜತೆಗೇ ನಿಂತಿತು. ಜನಗಣತಿ ಪಟ್ಟಣದ ನಿವಾಸಿ ತನ್ನ ಪಂಚಾಯಿತಿ ಸದಸ್ಯನ ಮನೆ ಬಾಗಿಲು ತಟ್ಟಬಹುದು. ಪಾಲಿಕೆಯ ನಿವಾಸಿಗೆ ಇಷ್ಟು ವರ್ಷ ಆ ಬಾಗಿಲೂ ಇರಲಿಲ್ಲ. ಪುರಸಭೆ ಬೇಡ ಎನ್ನುವವರು ಇದನ್ನೇ ತೋರಿಸಿದರೆ ತಪ್ಪೆನ್ನಲಾಗದು.

ಪುರಸಭೆ ಏಕೆ ಆಗುವುದಿಲ್ಲ

1993ರ ಪಶ್ಚಿಮ ಬಂಗಾಳ ಪುರಸಭೆ ಕಾಯ್ದೆ ಕೇಳುವುದು ಕನಿಷ್ಠ 30,000 ಜನ, ಚದರ ಕಿಲೋಮೀಟರಿಗೆ 750ರ ಸಾಂದ್ರತೆ, ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೃಷಿಯೇತರ ಕೆಲಸದಲ್ಲಿರುವುದು. ಜನಗಣತಿಯ 5,000ಕ್ಕೂ ಕಾಯ್ದೆಯ 30,000ಕ್ಕೂ ನಡುವೆ ದೊಡ್ಡ ಕಂದಕ. ಹೌರಾದ 135ರಲ್ಲಿ ಬಹುಪಾಲು ಊರುಗಳು ಒಂಟಿಯಾಗಿ ಅದನ್ನು ದಾಟಲಾರವು, ಪಕ್ಕದವರೊಂದಿಗೆ ಸೇರಿಯೇ ಆಗಬೇಕು. ಸೇರಿಸಿದಾಗ ಹಲವು ಪಂಚಾಯಿತಿ ಪ್ರಧಾನರ ಕುರ್ಚಿಗಳು ಹೋಗುತ್ತವೆ. ಗ್ರಾಮೀಣ ವಸತಿ ಯೋಜನೆ, ಉದ್ಯೋಗ ಖಾತ್ರಿಯಂಥ ಹಳ್ಳಿಗಷ್ಟೇ ಸಿಗುವ ಸವಲತ್ತು ನಿಲ್ಲುತ್ತವೆ. ಆಸ್ತಿ ತೆರಿಗೆ ಏರುತ್ತದೆ, ಸೌಲಭ್ಯ ಬರಲು ವರ್ಷಗಳು ಹಿಡಿಯುತ್ತವೆ. ಮೊದಲು ಬಿಲ್ಲು, ಆಮೇಲೆ ಚರಂಡಿ ಎಂಬ ಅನುಭವ ಇರುವಾಗ ಜನ ಹಿಂಜರಿಯುವುದು ಸಹಜ. ಗೋದಾಮು ಕಟ್ಟುವವರಿಗಂತೂ ಪಂಚಾಯಿತಿ ಪ್ರದೇಶದ ಸಡಿಲ ತಪಾಸಣೆಯೇ ಲಾಭ.

ಎಲ್ಲಿಂದ ಕೈ ಹಾಕಬೇಕು

ನಮ್ಮ ತೀರ್ಮಾನದಲ್ಲಿ ಊರಿನ ಹಲಗೆ ಬದಲಾಯಿಸುವುದಕ್ಕಿಂತ ಮೊದಲು ಗಡಿ ಸರಿಯಾಗಬೇಕು, ಆ ಗಡಿ ನೀರು ಹೇಳಿದಂತೆ ಎಳೆಯಬೇಕು. ಒಂದು ತೂಬಿಗೆ ಬಂದು ಸೇರುವ ಎಲ್ಲ ಪಂಚಾಯಿತಿಗಳೂ ಒಂದು ಗುಂಪು. ಮೊದಲ ಬೇಸಿಗೆಯಲ್ಲಿ ಆ ಗುಂಪಿನ ಪ್ರತಿ ಮೋರಿಯ ತಳಮಟ್ಟ, ಅಗಲ, ಒಡೆಯ ಯಾರು ಎಂಬ ಪಟ್ಟಿ ಮಾಡಬೇಕು. ಇದಕ್ಕೆ ಬೇಕಾದದ್ದು ಲೆವೆಲ್ ಉಪಕರಣ, ಇಬ್ಬರು ಸರ್ವೇಯರ್ ಮತ್ತು ಕೆಲವು ವಾರಗಳ ಒಣಹವೆ. ಮಳೆಗೆ ಮುಂಚೆ ಮೋರಿಗಳ ಹೂಳೆತ್ತಲು ಶುರು ಮಾಡಬೇಕು, ಕೆಳತುದಿಯಿಂದ ಮೇಲಕ್ಕೆ. ಮೇಲಿಂದ ಶುರು ಮಾಡಿದರೆ ಹೂಳು ಕೊಚ್ಚಿಕೊಂಡು ಹೋಗಿ ಕೆಳಗೆ ಕಟ್ಟುತ್ತದೆ. ಕಟ್ಟಡ ಒಪ್ಪಿಗೆ ಪತ್ರದಲ್ಲಿ ನಿವೇಶನದ ನೆಲಮಟ್ಟವನ್ನು ಪಕ್ಕದ ರಸ್ತೆಗೆ ಹೋಲಿಸಿ ಬರೆಯುವುದು ಕಡ್ಡಾಯವಾದರೆ, ಪ್ರತಿಯೊಬ್ಬರೂ ಪಕ್ಕದವರಿಗಿಂತ ಒಂದಡಿ ಎತ್ತರಕ್ಕೆ ಮಣ್ಣು ತುಂಬುವ ಪೈಪೋಟಿಗೆ ಕಡಿವಾಣ ಬೀಳುತ್ತದೆ.

ಹಣಕ್ಕೂ ದಾರಿ ಇತ್ತು. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಒಂದೊಂದು ಪಂಚಾಯಿತಿ ಬಿಡಿಬಿಡಿಯಾಗಿ ಖರ್ಚು ಮಾಡಿದಾಗ ಅದು ತುಂಡು ಚರಂಡಿಗಳಾಗುತ್ತದೆ, ಗುಂಪಾಗಿ ಸೇರಿಸಿದರೆ ಸೆಪ್ಟಿಕ್ ಟ್ಯಾಂಕಿನ ಹೂಳು ಸಂಸ್ಕರಣೆಯ ಒಂದು ಘಟಕಕ್ಕೆ ಸಾಕಾಗುತ್ತದೆ. ಹೊಸ ಕೊಳವೆ ಹಾಕುವಾಗ ಮುಖ್ಯ ಕೊಳವೆಯನ್ನಾದರೂ 135 ಲೀಟರಿನ ಲೆಕ್ಕಕ್ಕೆ ಹಾಕಿ, ಕವಲುಗಳನ್ನು ಆಮೇಲೆ ಹಿಗ್ಗಿಸಬಹುದು; ರಸ್ತೆಯನ್ನು ಎರಡನೇ ಸಲ ಅಗೆಯುವ ಖರ್ಚು ದಪ್ಪ ಕೊಳವೆಗೆ ಕೊಡುವ ಹೆಚ್ಚುವರಿ ಬೆಲೆಗಿಂತ ಜಾಸ್ತಿ.

ಪಶ್ಚಿಮದ ಉದಯನಾರಾಯಣಪುರ ಮತ್ತು ಆಮ್ತಾ 2 ಬ್ಲಾಕ್‌ಗಳ ಪಾಡು ಬೇರೆ. ಅಲ್ಲಿ ಇನ್ನೂ ಕೃಷಿ ಇದೆ. ದಾಮೋದರ ಕಣಿವೆಯ ಜಲಾಶಯಗಳಿಂದ ನೀರು ಬಿಟ್ಟಾಗ 2017, 2021, 2024ರಲ್ಲಿ ಆದಂತೆ ಊರುಗಳು ಮುಳುಗುತ್ತವೆ. ಒಂದೇ ಜಿಲ್ಲಾ ಪರಿಷತ್ತು ಈ ಪ್ರವಾಹವನ್ನೂ ಡೋಮ್‌ಜೂರ್‌ನ ಗೋದಾಮುಗಳನ್ನೂ ಒಂದೇ ಗ್ರಾಮೀಣ ನಿಯಮಾವಳಿಯಲ್ಲಿ ನಿಭಾಯಿಸಬೇಕಾಗಿ ಬಂದಿದೆ.

ಮುಂದಿನ ಜನಗಣತಿಯ ಎಣಿಕೆಗೆ 2027ರ ಮಾರ್ಚ್ 1 ಆಧಾರ ದಿನ, ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಗಿತಗೊಳಿಸಲಾಗಿದೆ. ಎಣಿಕೆ ಮುಗಿಯುವ ತನಕ ಗಡಿ ಬದಲಾಯಿಸುವಂತಿಲ್ಲ. ಬಾಂಕ್ರಾ, ಸಾಲಪ್, ಮಾಕಡ್ದಹಗಳನ್ನು ಈ ಸಲವೂ ಪಂಚಾಯಿತಿ ಪ್ರದೇಶಗಳಾಗಿಯೇ ಎಣಿಸಲಾಗುತ್ತದೆ. ಮೋರಿಗಳ ಮಟ್ಟ ಅಳೆಯಲು, ತೂಬುಗಳ ವೇಳಾಪಟ್ಟಿ ಪಂಚಾಯಿತಿ ಕಚೇರಿಗಳಲ್ಲಿ ಅಂಟಿಸಲು, ಮುಚ್ಚುತ್ತಿರುವ ಕೊಳಗಳ ದಾಗ್ ಸಂಖ್ಯೆ ಪಟ್ಟಿ ಮಾಡಲು ಮಾತ್ರ ಯಾವ ಗಡಿ ಬದಲಾವಣೆಯೂ ಬೇಕಿಲ್ಲ.